ಮಾಲೀಕರ ಶ್ರುತಿ, ನಮ್ಮವರ ಪೆಟ್ಟಿಗೆ

ನನ್ನ ಗಂಡನಿಗೆ ನಾಟಕ ಕಂಪನಿಯಲ್ಲಿ ಕೆಲಸ ಸಿಕ್ಕಿದ್ದು ಬೇಲಿ ಹಾರಿ. ಅರ್ಜಿ ಹಾಕಿ ಅಲ್ಲ, ಯಾರದೋ ಶಿಫಾರಸು ಹಿಡಿದೂ ಅಲ್ಲ. ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ ಹಿರಿಯರು. ನಾನೂ ಹೇಳದೆ ಬಿಟ್ಟರೆ ಅವರ ಹೆಸರು ಹೇಳುವವರು ಇನ್ಯಾರೂ ಇಲ್ಲ, ಅದಕ್ಕೇ ಹೇಳುತ್ತೇನೆ: ಮರುಳಸಿದ್ದಪ್ಪ. ತಿಪಟೂರು ಕಡೆಯ ಒಂದು ಮಠದಲ್ಲಿ ಭಜನೆಗೆ ಹಾರ್ಮೋನಿಯಂ ನುಡಿಸಿಕೊಂಡಿದ್ದವರು ಅರಸೀಕೆರೆಗೆ ಶಾಂತವೀರಪ್ಪನವರ ಕಂಪನಿಯ ನಾಟಕ ನೋಡಲು ಹೋಗಿದ್ದರು. ಅಂದು ಪೆಟ್ಟಿಗೆ, ಅಂದರೆ ಹಾರ್ಮೋನಿಯಂ, ನುಡಿಸುವವನು ಜ್ವರ ಬಂದು ಮಲಗಿದ್ದನಂತೆ. ಮಾಲೀಕ ಶಾಂತವೀರಪ್ಪನವರೇ ರಾಜನ ವೇಷದಲ್ಲಿ ಪರದೆಯ ಮುಂದೆ ಬಂದು, "ಸಭೆಯಲ್ಲಿ ಪೆಟ್ಟಿಗೆ ಬರೋರು ಯಾರಾದ್ರೂ ಇದ್ದೀರಾ?" ಅಂದರಂತೆ. ಇವರು ನೆಲದ ಟಿಕೆಟ್ಟಿನ ಜಾಗದಿಂದ ಎದ್ದು, ಬಿದಿರಿನ ಬೇಲಿ ಹಾರಿ, ರಂಗದ ಮುಂದೆ ವಾದ್ಯದವರಿಗೆಂದು ತೋಡಿದ್ದ ಗುಂಡಿಗೆ ಧುಮುಕಿದರು. ಅವತ್ತು ಇಳಿದವರು ಮೇಲೆ ಬರುವುದಕ್ಕೆ ಪಟ್ಟ ಪಾಡನ್ನೇ ನಾನು ಹೇಳಹೊರಟಿರುವುದು.

ನಾಟಕದ ವಾದ್ಯದವರಿಗೆ ಕೆಲಸ ಸಿಗುತ್ತಿದ್ದುದೇ ಹಾಗೆ. ಯಾರೋ ಕಾಯಿಲೆ ಬೀಳಬೇಕು, ಯಾರೋ ಜಗಳವಾಡಿ ಓಡಿಹೋಗಬೇಕು, ಆ ಜಾಗದಲ್ಲಿ ಇನ್ನೊಬ್ಬ ಕೂರಬೇಕು. ಮೊದಲು ನುಡಿಸು, ಆಮೇಲೆ ಊಟಕ್ಕೆ ಬಾ, ಅದೇ ಪರೀಕ್ಷೆ. ಬೆಂಗಳೂರಿನಲ್ಲಾದರೆ ಬಳೇಪೇಟೆಯ ವಾದ್ಯದ ಅಂಗಡಿಗಳ ಮುಂದೆ ನಿಂತರೆ ಯಾವ ಕಂಪನಿಗೆ ಕ್ಲಾರಿನೆಟ್ಟಿನವನು ಬೇಕು, ಯಾರ ತಬಲ ಖಾಲಿ ಕೂತಿದೆ ಅನ್ನುವುದೆಲ್ಲ ಕಿವಿಗೆ ಬೀಳುತ್ತಿತ್ತು. ತಿಂಗಳು ತಿಂಗಳು ಸಂಬಳ ಬರುವ ಜಾಗ ಅಂದರೆ ರೇಡಿಯೋ. ಆದರೆ ಆ ಕಾಲದಲ್ಲಿ ರೇಡಿಯೋದವರು ಹಾರ್ಮೋನಿಯಂ ಅನ್ನು ಒಳಗೇ ಬಿಡುತ್ತಿರಲಿಲ್ಲ. ನಮ್ಮ ಸಂಗೀತಕ್ಕೆ ಒಗ್ಗದ ಪರದೇಶದ ವಾದ್ಯವಂತೆ ಅದು! ಪಿಟೀಲು ಮಾತ್ರ ನಮ್ಮ ಅಜ್ಜಿಯ ತವರಿನಿಂದ ಬಂದದ್ದು ನೋಡಿ.

ನಮ್ಮವರು ನುಡಿಸುತ್ತಿದ್ದುದು ಕಾಲುಪೆಟ್ಟಿಗೆ. ಮೇಜಿನಷ್ಟು ಎತ್ತರದ ಹಾರ್ಮೋನಿಯಂ. ಎರಡೂ ಕಾಲಿನಲ್ಲಿ ತುಳಿದು ಗಾಳಿ ತುಂಬಬೇಕು, ಎರಡೂ ಕೈಯಲ್ಲಿ ನುಡಿಸಬೇಕು. ಜನರಿಗೆ ಬೆನ್ನು, ಮುಖ ರಂಗದ ಕಡೆಗೆ. ಮೇಲೆ ಹಾಡುವವರ ತುಟಿ, ಕತ್ತಿನ ನರ, ಕಣ್ಣು, ಎಲ್ಲ ಅಲ್ಲಿಂದ ಕಾಣುತ್ತದೆ. ನುಡಿಸುವವನ ಮುಖವನ್ನು ಮಾತ್ರ ಯಾರೂ ನೋಡುವುದಿಲ್ಲ. ಮದುವೆಗೆ ಮುಂಚೆ ನಾನೂ ನಾಟಕ ನೋಡಿದ್ದೆ, ಇವರ ಬೋಳು ನೆತ್ತಿಯನ್ನು ಬಿಟ್ಟರೆ ಬೇರೇನೂ ಕಂಡಿರಲಿಲ್ಲ. ಕಂಡಿದ್ದರೆ ಒಪ್ಪುತ್ತಿದ್ದೆನೋ ಇಲ್ಲವೋ!

ಮದುವೆಯಾದ ಮೇಲೆ ನನ್ನ ಬದುಕೂ ಕಂಪನಿಯ ಸಾಮಾನಿನ ಲಾರಿಯಲ್ಲೇ ಸಾಗಿತು. ಒಂದೂರಲ್ಲಿ ಕೆಲವು ತಿಂಗಳು ಕ್ಯಾಂಪು, ಜನ ಕಡಿಮೆಯಾದರೆ ತಗಡು ಕಿತ್ತು ಮುಂದಿನೂರು. ಹೊಸ ಊರಿನ ಒಲೆ ಹದಕ್ಕೆ ಬರುವಷ್ಟರಲ್ಲಿ ಗಂಟು ಕಟ್ಟಬೇಕು. ನಮ್ಮ ಮಗಳು ಕಮಲಿ ಒಂದು ಶಾಲೆಯಲ್ಲಿ ಮಗ್ಗಿ ಶುರು ಮಾಡಿದರೆ ಇನ್ನೊಂದು ಶಾಲೆಯಲ್ಲಿ ಅದನ್ನು ಮುಗಿಸುತ್ತಿದ್ದಳು. ಅರವತ್ತರ ದಶಕ ಶುರುವಾದ ಹೊಸದರಲ್ಲಿ ಕಂಪನಿ ಜಯನಗರಕ್ಕೆ ಬಂತು. ಜಯನಗರ ಆಗ ಅರ್ಧ ಊರು, ಅರ್ಧ ಹೊಲ. ಯಡಿಯೂರು ಕೆರೆಯ ಹತ್ತಿರ ಖಾಲಿ ಸೈಟುಗಳ ಮೇಲೆ ನಮ್ಮ ತಗಡಿನ ಥಿಯೇಟರು ಎದ್ದಿತು. ಚಿಕ್ಕಲಸಂದ್ರ, ಸುಬ್ರಹ್ಮಣ್ಯಪುರದ ಕಡೆಯಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಯಡಿಯೂರಿನಲ್ಲಿ ಬೈರಮ್ಮ ಎನ್ನುವವರ ಮನೆಯಲ್ಲಿ, ದನದ ಕೊಟ್ಟಿಗೆಯ ಪಕ್ಕದ ಕೋಣೆ ಬಾಡಿಗೆಗೆ ಸಿಕ್ಕಿತು. ಶಾಲೆ ಹತ್ತಿರ, ನೀರು ಸಿಹಿ. ನಾನು ಅವತ್ತೇ ಹೇಳಿಬಿಟ್ಟೆ.

"ರೀ, ಇಲ್ಲಿಂದ ನಾನು ಕದಲಲ್ಲ. ಕಂಪನಿ ರಾಯಚೂರಿಗಾದ್ರೂ ಹೋಗ್ಲಿ, ರಾಮೇಶ್ವರಕ್ಕಾದ್ರೂ ಹೋಗ್ಲಿ. ನೀವು ಇದೇ ಊರಲ್ಲಿ ಒಂದು ಕಡೆ ಕೆಲಸ ನೋಡ್ಕೊಳ್ಳಿ."

"ನೋಡೋಣ ಕಣೆ" ಅಂದರು. ಇವರ 'ನೋಡೋಣ' ನನಗೆ ಚೆನ್ನಾಗಿ ಗೊತ್ತು.

ಇವರು ಕಂಪನಿ ಬಿಡಲಾರದೆ ಸಿಕ್ಕಿಬಿದ್ದದ್ದಕ್ಕೆ ಕಾರಣ ಸಂಬಳವೂ ಅಲ್ಲ, ಪ್ರೀತಿಯೂ ಅಲ್ಲ, ಮಾಲೀಕರ ಕಂಠ. ಶಾಂತವೀರಪ್ಪನವರದು ಒಂದು ಕಾಲಕ್ಕೆ ಎಂಥ ಕಂಠ ಅಂತೀರಿ! ಮೈಕು ಇಲ್ಲದ ದಿನಗಳಲ್ಲಿ ಐದು ಮನೆ ಶ್ರುತಿಯಲ್ಲಿ ಹಾಡಿದರೆ ಹೊರಗೆ ಕಡಲೆಕಾಯಿ ಮಾರುವವನು ಕೂಡ ತಕ್ಕಡಿ ಕೆಳಗಿಡುತ್ತಿದ್ದ. ಪೆಟ್ಟಿಗೆಯ ಒಂದೊಂದು ಸ್ವರದ ಪಟ್ಟಿಗೂ ಮನೆ ಅನ್ನುತ್ತಾರೆ. ಐದನೇ ಮನೆಯಿಂದ ಹಾಡುವುದು ಅಂದರೆ ಗಂಡಸಿನ ಗಂಟಲಿಗೆ ಬಲು ಎತ್ತರ. ಅರವತ್ತು ದಾಟಿದ ಮೇಲೆ ಅವರ ಗಂಟಲು ಆ ಎತ್ತರ ತಡೆಯಲಿಲ್ಲ, ಕಿವಿಯೂ ಮಂದವಾಯಿತು. ಐದರಲ್ಲಿ ಶುರು ಮಾಡಿದರೆ ಎರಡನೇ ಸಾಲಿಗೆ ಅರ್ಧ ಮನೆ ಕೆಳಗೆ ಜಾರುತ್ತಿದ್ದರು. ಜಾರಿದ್ದು ಅವರಿಗೆ ಮಾತ್ರ ತಿಳಿಯುತ್ತಿರಲಿಲ್ಲ.

ಹಾಡುವವರು ಒಂದು ಶ್ರುತಿ, ಪೆಟ್ಟಿಗೆ ಇನ್ನೊಂದು ಶ್ರುತಿ ಆದರೆ ಏನೂ ಗೊತ್ತಿಲ್ಲದವರಿಗೂ ಹಲ್ಲು ಜುಮ್ಮೆನ್ನುತ್ತದೆ. ಅದಕ್ಕೆ ನಮ್ಮವರು ಕಂಡುಕೊಂಡ ಉಪಾಯ ಇದು. ಮಾಲೀಕರ ಕತ್ತಿನ ನರ ಉಬ್ಬಿದ ಕೂಡಲೇ ಇವರಿಗೆ ಗೊತ್ತಾಗುತ್ತಿತ್ತು, ಇನ್ನೇನು ಜಾರುತ್ತಾರೆ ಎಂದು. ತಲೆಯನ್ನು ಎಡಕ್ಕೆ ವಾಲಿಸುತ್ತಿದ್ದರು. ಅದು ಉಳಿದವರಿಗೆ ಸನ್ನೆ. ಕ್ಲಾರಿನೆಟ್ಟಿನವನು ವಾದ್ಯ ಬಾಯಿಂದ ತೆಗೆಯುತ್ತಿದ್ದ, ತಬಲದ ಸೀನು ಬಲಗೈ ತಡೆದು ಎಡಗೈ ಡಗ್ಗದಲ್ಲೇ ತಾಳ ನಡೆಸುತ್ತಿದ್ದ. ಆ ಬಿಡುವಿನಲ್ಲಿ ಇವರ ಬೆರಳು ಒಂದು ಸಣ್ಣ ತಿರುವು ಹಾಕಿ ಅರ್ಧ ಮನೆ ಕೆಳಗೆ ಇಳಿದು ಮಾಲೀಕರನ್ನು ಹಿಡಿದುಕೊಳ್ಳುತ್ತಿತ್ತು. ಜನರಿಗೆ ಹಾಡು ಬಾಗಿದಂತೆ ಕೇಳುತ್ತಿತ್ತೇ ಹೊರತು ಬಿದ್ದಂತೆ ಕೇಳುತ್ತಿರಲಿಲ್ಲ. 'ಒನ್ಸ್ ಮೋರ್' ಅನ್ನುತ್ತಿದ್ದರು. ಮಾಲೀಕರು ಕಿರೀಟ ಸರಿಮಾಡಿಕೊಂಡು ಮತ್ತೆ ಹಾಡುತ್ತಿದ್ದರು, ಮತ್ತೆ ಜಾರುತ್ತಿದ್ದರು.

ತಮ್ಮ ಬದಲಿಗೆ ಇವರು ಬೇರೆ ಪೆಟ್ಟಿಗೆಯವರನ್ನು ಕರೆತರಲಿಲ್ಲವೇ ಅಂತ ಕೇಳಬೇಡಿ. ತಂದರು. ತಿಮ್ಮರಾಯಪ್ಪ ಅಂತ ಒಬ್ಬರು, ಒಳ್ಳೆ ಕೈ, ಕಟ್ಟುನಿಟ್ಟಿನ ಶಿಕ್ಷಣ. ಒಂದು ಆಟಕ್ಕೆ ಕೂರಿಸಿದರು. ಮಾಲೀಕರು ಜಾರಿದರು, ತಿಮ್ಮರಾಯಪ್ಪ ಜಾರಲಿಲ್ಲ. ಹಾಡು ಒಡೆದುಹೋಯಿತು. ಮಾಲೀಕರು ಒಳಗೆ ಬಂದು ಕೆಂಡಾಮಂಡಲ. "ಶ್ರುತಿಜ್ಞಾನ ಇಲ್ದೋನನ್ನೆಲ್ಲಾ ತಂದು ಕೂರಿಸ್ತೀಯಲ್ಲೋ ಸಿದ್ದ!" ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾಪ, ತಿಮ್ಮರಾಯಪ್ಪ ಆ ಸಂಜೆಯೇ ಬಸ್ಸು ಹತ್ತಿದರು. ಇವರು ಮತ್ತೆ ತಮ್ಮ ಜಾಗದಲ್ಲಿ ಕೂತರು.

ಹೀಗಿರುವಾಗ ಸೀನು ಒಂದು ದಿನ ತಬಲಕ್ಕೆ ಹೊಸ ಚರ್ಮ ಹಾಕಿಸಲು ಬಳೇಪೇಟೆಗೆ ಹೋದವನು ಓಡಿಬಂದ. "ಅಕ್ಕಾ, ಮೇಷ್ಟ್ರೆಲ್ಲಿ? ಬಸವನಗುಡೀಲಿ ನೃತ್ಯನಾಟಕದ ಸಂಘ ಒಂದು ಶುರುವಾಗಿದೆ. ಆಟಕ್ಕೆ ಅವರದ್ದೇ ಹಾಲು, ಅವರದ್ದೇ ಆರ್ಕೆಸ್ಟ್ರಾ. ಪರ್ಮನೆಂಟು ಅಕ್ಕಾ, ಊರೂರು ಸುತ್ತೋ ಹಾಗಿಲ್ಲ. ಪೆಟ್ಟಿಗೆಯವರನ್ನ ಹುಡುಕ್ತಾ ಇದ್ದಾರೆ!"

ನನ್ನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ದೇವರು ಕೊನೆಗೂ ಕಣ್ಣು ಬಿಟ್ಟ ಅಂದುಕೊಂಡೆ.

ಆ ಸಂಘದ ಸಂಗೀತದ ಯಜಮಾನಿಕೆ ಗಂಗಾಧರಯ್ಯ ಎನ್ನುವವರದು. ಮೆಲುಮಾತಿನ ಮನುಷ್ಯ. ಪರೀಕ್ಷೆಯ ದಿನ ನಾನೂ ಹೋಗಿ ಹಾಲಿನ ಬಾಗಿಲ ಬಳಿ ಕೂತಿದ್ದೆ. ಪಿಟೀಲುಗಳು, ಕೊಳಲು, ವೀಣೆ ಎಲ್ಲವೂ ಅರ್ಧಚಂದ್ರದಂತೆ ಕೂತಿದ್ದವು. ಸೀತಾಲಕ್ಷ್ಮಿ ಎನ್ನುವ ಎಳೆಯ ಹುಡುಗಿ ಹಾಡಿದಳು. ನಮ್ಮವರು ನುಡಿಸಿದರು ನೋಡಿ, ಗಂಗಾಧರಯ್ಯನವರ ಮುಖ ಅರಳಿತು. ನಡುವೆ ಎಲ್ಲೋ ಆ ಹುಡುಗಿ ಹೆದರಿ ಶ್ರುತಿಯಿಂದ ಜಾರಿದಳು. ಇವರ ತಲೆ ಎಡಕ್ಕೆ ವಾಲಿತು. ಬೆರಳು ಸರ್ರನೆ ಅರ್ಧ ಮನೆ ಇಳಿದು ಅವಳ ಜೊತೆ ಹೋಗಿಬಿಟ್ಟಿತು. ಇವರ ಸನ್ನೆ ಅಲ್ಲಿ ಯಾರಿಗೆ ಗೊತ್ತು? ಪಿಟೀಲು, ಕೊಳಲು, ವೀಣೆ ಎಲ್ಲ ತಮ್ಮ ಜಾಗದಲ್ಲೇ ನಿಂತಿದ್ದವು. ಹಾಲಿನ ತುಂಬ ತಗಡು ಕೆರೆದಂತೆ ಸದ್ದು. ಸೀತಾಲಕ್ಷ್ಮಿ ಅಳುವ ಹಾಗಾದಳು.

ಗಂಗಾಧರಯ್ಯನವರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. "ಮರುಳಸಿದ್ದಪ್ನೋರೆ, ಆರ್ಕೆಸ್ಟ್ರಾದಲ್ಲಿ ಎಲ್ರೂ ನಿಮ್ಮ ಪೆಟ್ಟಿಗೆ ನಂಬ್ಕೊಂಡು ಕೂತಿರ್ತಾರೆ. ಹಾಡೋ ಹುಡುಗಿ ದಾರಿ ತಪ್ಪಿದ್ರೆ ನಿಮ್ಮ ಸ್ವರ ಕೇಳ್ಕೊಂಡು ವಾಪಸ್ ಬರಬೇಕು. ನೀವೇ ಅವಳ ಹಿಂದೆ ಹೋಗಿಬಿಟ್ರೆ ಹೆಂಗೆ?"

ಇವರು ತಲೆ ತಗ್ಗಿಸಿ, "ಅಭ್ಯಾಸ ಆಗೋಗಿದೆ ಸಾರ್" ಅಂದರು. ಯಾಕೆ ಅಭ್ಯಾಸವಾಯಿತು ಅಂತ ಹೇಳಲಿಲ್ಲ. ಹೇಳಿದರೆ ಮಾಲೀಕರ ಮಾನ ಹೋಗುತ್ತದಲ್ಲ! ಬಾಗಿಲಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು.

ಆ ಪುಣ್ಯಾತ್ಮರು ಕೂಡಲೇ ಇಲ್ಲ ಅನ್ನಲಿಲ್ಲ. "ಇಂಥ ಕೈ ಬಿಡೋಕೆ ನಂಗೂ ಮನಸ್ಸಿಲ್ಲ. ಹತ್ತು ನಿಮಿಷದ ಪರೀಕ್ಷೇಲಿ ಏನು ತಿಳಿಯುತ್ತೆ? ನಿಮ್ಮ ಕ್ಯಾಂಪಿನ ಕೊನೇ ಆಟ ಭಾನುವಾರ ಮಧ್ಯಾಹ್ನ ಅಲ್ವಾ? ನಾನು ಬಂದು ಮುಂದೆ ಕೂರ್ತೀನಿ. ನಿಮ್ಮದೇ ಜಾಗದಲ್ಲಿ, ನಿಮ್ಮದೇ ನಾಟಕದಲ್ಲಿ ಶ್ರುತಿ ಹಿಡಿದು ತೋರ್ಸಿ. ಜಾಗ ನಿಮ್ಮದೇ" ಅಂದರು.

ಇಬ್ಬರೂ ನಡೆದೇ ಹೊರಟೆವು. ಯಡಿಯೂರು ಹತ್ತಿರ ಬಂದಾಗ ನನಗೇ ಹೊಳೆಯಿತು. ಇವರು ಶ್ರುತಿ ಬಿಡದೆ ಹಿಡಿದು ತೋರಿಸಬೇಕಾದ್ದು ಯಾರ ಹಾಡಿಗೆ? ಮಾಲೀಕರ ಹಾಡಿಗೆ. ಹಿಡಿದರೆ ಮಾಲೀಕರು ಸಭೆಯ ನಡುವೆ ಬೆತ್ತಲಾಗುತ್ತಾರೆ. ಹಿಡಿಯದಿದ್ದರೆ ನಾವು ಮತ್ತೆ ಲಾರಿ ಹತ್ತುತ್ತೇವೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗಾಯಿತು ನಮ್ಮವರ ಪಾಡು.

"ಹೋಗಿ ಮಾಲೀಕರಿಗೆ ನಿಜ ಹೇಳ್ರೀ" ಅಂದೆ. "ಮಾಲೀಕ್ರೆ, ನಿಮ್ಮ ಕಂಠ ಇಳಿದಿದೆ, ಶ್ರುತಿ ಇಳಿಸ್ಕೊಳ್ಳಿ, ಇಲ್ಲಾಂದ್ರೆ ಹಾಡೋ ಪಾತ್ರ ಬೇರೆಯವರಿಗೆ ಕೊಡಿ. ಅಷ್ಟೇ ತಾನೆ? ಅದರಲ್ಲಿ ತಲೆ ಹೋಗೋದೇನಿದೆ?"

ಒಬ್ಬರನ್ನೇ ಕಳಿಸಿದರೆ ಇವರು ಕೆರೆ ಏರಿಯ ಮೇಲೆ ಕೂತು ಎದ್ದು ಬರುತ್ತಾರೆ ಅಂತ ಗೊತ್ತಿತ್ತು, ನಾನೂ ಜೊತೆಗೆ ಹೋದೆ. ಮಾಲೀಕರು ಥಿಯೇಟರಿನ ಹಿಂದಿನ ಗುಡಾರದಲ್ಲಿ ಮೆಣಸಿನ ಕಷಾಯ ಕುಡಿಯುತ್ತ ಕೂತಿದ್ದರು. ಇವರು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು. "ಬಾರೋ ಸಿದ್ದ. ನಾಟಕದ ಕಾಲ ಮುಗೀತು ಕಣೋ, ಎಲ್ರೂ ಸಿನಿಮಾಕ್ಕೆ ಓಡ್ತಾ ಇದ್ದಾರೆ. ಆದ್ರೂ ನಮ್ಮ ಥಿಯೇಟ್ರು ಯಾಕೆ ತುಂಬುತ್ತೆ ಹೇಳು? ಈ ಕಂಠಕ್ಕೆ. ಇಷ್ಟು ಜನರ ಒಲೆ ಇದರ ಮೇಲೆ ಉರೀತಾ ಇದೆ. ಶಿವ ಎಲ್ಲಾನೂ ಕಿತ್ಕೊಂಡ, ಹೆಂಡ್ತಿ, ಮಗ ಯಾರೂ ಉಳೀಲಿಲ್ಲ. ಇದೊಂದನ್ನ ಉಳಿಸಿದ್ದಾನೆ. ಇದು ಹೋದ ದಿನ ನಾನೂ ಇರಲ್ಲ." ಹಾಗೆಂದು ಗಂಟಲ ಮೇಲೆ ಕೈಯಿಟ್ಟುಕೊಂಡರು. "ಏನೋ ಹೇಳೋಕೆ ಬಂದ್ಯಲ್ಲ, ಏನದು?"

"ಏನಿಲ್ಲ ಮಾಲೀಕ್ರೆ, ಸುಮ್ನೆ ಬಂದೆ" ಅಂದರು ಇವರು.

ಹೊರಗೆ ಬಂದದ್ದೇ ನಾನು ಹರಿಹಾಯ್ದೆ. "ಬಾಯಿಗೆ ಬೀಗ ಬಿದ್ದಿತ್ತಾ? ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ನಿಮ್ಮನ್ನ ನೋಡೇ ಹೇಳಿರೋದು! ಆ ಮಗು ಇನ್ನೆಷ್ಟು ಶಾಲೆ ಸುತ್ತಬೇಕು?" ಇವರು ತಿರುಗಿ ಬೈದಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. "ನೀನು ಹೇಳೋದು ಸರಿ ಮಂಗಳಾ. ಭಾನುವಾರ ಶ್ರುತಿ ಹಿಡೀತೀನಿ. ಏನಾದ್ರೂ ಆಗ್ಲಿ, ಹಿಡೀತೀನಿ" ಅಂದರು. ಅವರ ದನಿ ಕೇಳಿ ನನಗೆ ಇನ್ನೂ ಸಂಕಟವಾಯಿತು.

ಹಿಡಿಯುತ್ತೇನೆ ಅಂದರೆ ಕೈ ಕೇಳಬೇಕಲ್ಲ! ಅದಕ್ಕೂ ಅಭ್ಯಾಸ ಬೇಕಾಯಿತು. ಮನೆಯಲ್ಲಿ ಒಂದು ಸಣ್ಣ ಕೈಪೆಟ್ಟಿಗೆ ಇತ್ತು. ದಿನಾ ಬೆಳಗ್ಗೆ ನಾನು ಎದುರು ಕೂತು ಸೋಬಾನೆ ಪದ ಹಾಡುವುದು, ಬೇಕೆಂದೇ ಜಾರುವುದು, ಇವರು ಜಾರದೆ ನಿಲ್ಲುವುದು. ನನಗೆ ಸಂಗೀತ ಬರುವುದಿಲ್ಲ. ಜಾರುವುದಕ್ಕೆ ಸಂಗೀತ ಬರಬೇಕಾದ್ದೂ ಇಲ್ಲ. ಮೊದಲ ದಿನ ನಾನು ಎಲ್ಲಿ ಜಾರಿದರೂ ಇವರು ಅಲ್ಲಿಗೇ ಬಂದುಬಿಡುತ್ತಿದ್ದರು. ಬಚ್ಚಲಿಗೆ ಜಾರಿದರೂ ಬರುತ್ತಿದ್ದರೋ ಏನೋ. ಕಮಲಿ ಬಿದ್ದು ಬಿದ್ದು ನಗುತ್ತಿದ್ದಳು.

"ನೀನು ಬೀಳ್ತಾ ಇದ್ದೀಯ ಕಣೆ, ನಾನು ಹೆಂಗೆ ನೋಡ್ಕೊಂಡು ಕೂತಿರಲಿ?" ಅಂದರು ಒಮ್ಮೆ.

"ಬೀಳ್ಲಿ ಬಿಡ್ರೀ! ಬಿದ್ದೋಳು ಎದ್ದು ಬರ್ತಾಳೆ. ನೀವು ನಿಮ್ಮ ಜಾಗದಲ್ಲಿರಿ" ಅಂದೆ.

ಗೋಡೆಯಾಚೆಯಿಂದ ಬೈರಮ್ಮ ಬಂದು ಬಾಗಿಲಲ್ಲಿ ನಿಂತರು. "ಏನವ್ವಾ ಮಂಗಳಮ್ಮ, ಹೊಟ್ಟೆನೋವಾ? ಕರೀ ಹಸ ಕೆಚ್ಲಿಗೆ ಸೊರ ಬಿಡ್ತಿಲ್ಲ ಕಣವ್ವ, ವಸಿ ನೆಟ್ಟಗೆ ಹಾಡು" ಅಂದರು. ನಾವು ಮೂವರೂ ನಕ್ಕೆವು. ಇವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ದಿನಗಳು ನನಗೆ ಈಗಲೂ ಇಷ್ಟ. ಮೆಲ್ಲಮೆಲ್ಲಗೆ ಇವರ ಕೈ ಗಟ್ಟಿಯಾಯಿತು. ಶನಿವಾರದ ಹೊತ್ತಿಗೆ ನಾನು ಎಷ್ಟು ಜಾರಿದರೂ ಇವರ ಬೆರಳು ಅಲುಗುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು, ಬೆವರುತ್ತ ಹಿಡಿದಿರುತ್ತಿದ್ದರು. ಇನ್ನು ಹೆದರಿಕೆ ಇಲ್ಲ ಅಂದುಕೊಂಡೆ. ಹೆದರಿಕೆ ಇರಲಿಲ್ಲ ಅಂತಲ್ಲ, ನೆನೆಸಿಕೊಳ್ಳಲಿಲ್ಲ ಅಷ್ಟೆ.

ಕಂಪನಿಗಳಲ್ಲಿ ಒಂದು ಪದ್ಧತಿ ಇತ್ತು. ಕ್ಯಾಂಪಿನ ಕೊನೆಯ ಆಟ ಮುಗಿದ ಮೇಲೆ ಮಾಲೀಕರು ಒಬ್ಬೊಬ್ಬರನ್ನೂ ಕರೆದು ವೀಳ್ಯ ಕೊಡುತ್ತಿದ್ದರು. ಎರಡೆಲೆ, ಒಂದಡಿಕೆ. ಕೈಚಾಚಿ ತೆಗೆದುಕೊಂಡರೆ ಮುಂದಿನೂರಿಗೂ ನೀನು ಕಂಪನಿಯವನು. ಕೈ ಮುಗಿದು ಬಿಟ್ಟರೆ ನಿನ್ನ ದಾರಿ ನಿನಗೆ, ಯಾರೂ ತಡೆಯುವಂತಿಲ್ಲ. ವೀಳ್ಯ ಹಿಡಿದ ಮೇಲೆ ನಡುವೆ ಬಿಟ್ಟುಹೋದವನನ್ನು ಬೇರೆ ಯಾವ ಕಂಪನಿಯೂ ಹತ್ತಿರ ಸೇರಿಸುತ್ತಿರಲಿಲ್ಲ. ಭಾನುವಾರ ವೀಳ್ಯ ಮುಟ್ಟಬಾರದು ಅಂತ ನಾನು ಇವರಿಂದ ಬನಶಂಕರಮ್ಮನ ಮೇಲೆ ಆಣೆ ಹಾಕಿಸಿಕೊಂಡಿದ್ದೆ.

ಭಾನುವಾರ ಮಧ್ಯಾಹ್ನ ಥಿಯೇಟರು ತುಂಬಿ ತುಳುಕುತ್ತಿತ್ತು. ನಾನು ಕಮಲಿಯನ್ನು ಕರೆದುಕೊಂಡು ಹೆಂಗಸರ ಕಡೆ, ಗುಂಡಿ ಕಾಣುವ ಹಾಗೆ ಕೂತೆ. ಮುಂದಿನ ಕುರ್ಚಿಯಲ್ಲಿ ಗಂಗಾಧರಯ್ಯನವರು ಶಲ್ಯ ಹೊದ್ದು ಕೂತಿದ್ದರು. ಮೊದಲ ಹಾಡುಗಳೆಲ್ಲ ಬೇರೆ ಪಾತ್ರದವು, ಸಲೀಸಾಗಿ ಹೋದವು. ರಾಜ್ಯ ಕಳೆದುಕೊಂಡ ಅರಸ ಕಾಡಿನಲ್ಲಿ ನಿಂತು ಹಾಡುವ ಹಾಡು ಬಂತು. ಊರವರೆಲ್ಲ ಕಾದು ಕೂತಿದ್ದ ಹಾಡು. ಮಾಲೀಕರು ಮುಂದೆ ಬಂದು, ಕೈ ಎತ್ತಿ, ಐದು ಮನೆಯಲ್ಲಿ ಎತ್ತಿಕೊಂಡರು. ಮೊದಲ ಸಾಲು ಕಂಚಿನ ಹಾಗೆ ನಿಂತಿತು.

ಎರಡನೇ ಸಾಲಿಗೆ ಅವರ ಕತ್ತಿನ ನರ ಉಬ್ಬಿತು. ಜಾರಿದರು. ಸೀನು ಅಭ್ಯಾಸಬಲದಿಂದ ನಮ್ಮವರ ತಲೆಯ ಕಡೆ ನೋಡಿದ. ತಲೆ ನೆಟ್ಟಗೇ ಇತ್ತು. ಸನ್ನೆ ಇಲ್ಲದ ಮೇಲೆ ಅವನೂ ನಿಲ್ಲಿಸಲಿಲ್ಲ, ಕ್ಲಾರಿನೆಟ್ಟಿನವನೂ ನಿಲ್ಲಿಸಲಿಲ್ಲ. ಪೆಟ್ಟಿಗೆ ಐದರಲ್ಲೇ ನಿಂತಿತು. ಮಾಲೀಕರ ದನಿ ಅದರ ಕೆಳಗೆ ಒಡೆದ ಮಡಕೆಯ ಹಾಗೆ ಕೇಳಿತು. ಸಭೆಯಲ್ಲಿ ಗುಜುಗುಜು. ಗಂಗಾಧರಯ್ಯನವರು ಬೆನ್ನು ನೆಟ್ಟಗೆ ಮಾಡಿ ಕೂತರು.

ಮಾಲೀಕರು ಹಾಡುತ್ತಲೇ ಹೋದರು. ಆ ಸಾಲಿನ ಕೊನೆಗೆ ಅವರಿಗೂ ಏನೋ ಕೇಳಿಸಿರಬೇಕು. ಮತ್ತೆ ಹಿಡಿಯಲು ನೋಡಿದರು, ಸಿಗಲಿಲ್ಲ. ನೆಲದ ಕಡೆಯಿಂದ ಯಾರೋ ಶಿಳ್ಳೆ ಹಾಕಿದರು. "ಏ ತಾತಾ, ಸಾಕು ಮನೆಗ್ ಹೋಗಿ ಮಲ್ಕೊಳಪ್ಪೋ!" ಅಂತ ಒಬ್ಬ ಕೂಗಿದ. ನಗೆ ಎದ್ದಿತು. ಅಷ್ಟು ವರ್ಷ ಹಾಡಿದ ಹಾಡಿನ ಮುಂದಿನ ಮಾತು ಆ ಮುದುಕನಿಗೆ ಮರೆತೇಹೋಯಿತು. ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಬಾಯಿ ತೆರೆದಿತ್ತು. ಅವರು ತಲೆ ಬಗ್ಗಿಸಿ ಗುಂಡಿಯ ಕಡೆ ನೋಡಿದರು, ಮಕ್ಕಳು ಜಾತ್ರೆಯಲ್ಲಿ ಅಮ್ಮನ ಕೈ ತಪ್ಪಿದಾಗ ನೋಡುತ್ತಾರಲ್ಲ, ಹಾಗೆ.

ನಾನು ಸೆರಗಿನ ತುದಿ ಕಚ್ಚಿಕೊಂಡಿದ್ದೆ. ಹಿಡೀರಿ, ಇನ್ನೊಂದು ಸಾಲು ಹಿಡೀರಿ, ನಮ್ಮ ಕಮಲಿಗೋಸ್ಕರ ಹಿಡೀರಿ ಅಂತ ಒಳಗೊಳಗೇ ಕಿರುಚುತ್ತಿದ್ದೆ. ನನ್ನ ಕಣ್ಣಲ್ಲೂ ನೀರು ಬಂದಿತ್ತು, ಅದು ಯಾರಿಗೋಸ್ಕರ ಅಂತ ಕೇಳಬೇಡಿ.

ನಮ್ಮವರ ತಲೆ ಎಡಕ್ಕೆ ವಾಲಿತು.

ತಬಲ ತಗ್ಗಿತು, ಕ್ಲಾರಿನೆಟ್ಟು ನಿಂತಿತು. ಪೆಟ್ಟಿಗೆ ಒಂದು ತಿರುವು ಹಾಕಿ ಕೆಳಗಿಳಿದು, ಮರೆತುಹೋದ ಸಾಲನ್ನು ತಾನೇ ಮೊದಲು ನುಡಿಸಿ ತೋರಿಸಿತು. ಮಾಲೀಕರ ಗಂಟಲು ಅದನ್ನು ಹಿಡಿದುಕೊಂಡಿತು. ಹಾಡು ಮುಗಿಯುವಾಗ ಶಿಳ್ಳೆ ಹಾಕಿದವನೇ 'ಒನ್ಸ್ ಮೋರ್' ಅನ್ನುತ್ತಿದ್ದ. ನಾನು ಕಮಲಿಯನ್ನು ಮಡಿಲಿಗೆ ಎಳೆದುಕೊಂಡು ಕೂತೆ. ಎಲ್ಲ ಮುಗಿಯಿತು ಅಂತ ನನಗೆ ಗೊತ್ತಾಗಿತ್ತು.

ಮುಗಿದಿರಲಿಲ್ಲ. ಆಟ ಬಿಟ್ಟ ಮೇಲೆ ಗಂಗಾಧರಯ್ಯನವರು ನೇರವಾಗಿ ಬೇಲಿಯ ಹತ್ತಿರ ಬಂದರು. ನಾನೂ ಅಲ್ಲಿದ್ದೆ. "ಒಂದು ಸಾಲು ಸಾಕಾಯ್ತು ನಂಗೆ. ಕಲ್ಲಿನ ಹಾಗೆ ಹಿಡಿದ್ರಿ. ಆಮೇಲೆ ಯಾಕೆ ಇಳಿದ್ರಿ, ನಿಮಗೆ ಆ ಅಭ್ಯಾಸ ಎಲ್ಲಿಂದ ಬಂತು ಅನ್ನೋದೂ ಅರ್ಥ ಆಯ್ತು" ಅಂದರು. "ನಾಳೆ ಬಂದು ಸೇರ್ಕೊಳ್ಳಿ ಮರುಳಸಿದ್ದಪ್ನೋರೆ."

"ಬರ್ತಾರೆ ಸಾರ್, ಖಂಡಿತ ಬರ್ತಾರೆ" ಅಂದೆ ನಾನೇ. ಅವರು ಹೋದ ಮೇಲೆ ಇವರು ಪೆಟ್ಟಿಗೆಗೆ ಬಟ್ಟೆ ಹೊದಿಸಿ ನನ್ನ ಮುಖ ನೋಡಿದರು. "ಬಾ, ಮಾಲೀಕರಿಗೆ ಕೈ ಮುಗಿದು ಬರೋಣ. ವೀಳ್ಯ ತಗೊಳ್ಳಲ್ಲ ಕಣೆ" ಅಂದರು. ನನಗೆ ರೆಕ್ಕೆ ಬಂದ ಹಾಗಾಯಿತು. ಕಮಲಿಯ ಕೈ ಹಿಡಿದು ಗುಡಾರಕ್ಕೆ ನಡೆದೆ.

ಮಾಲೀಕರು ಬಣ್ಣ ಅಳಿಸದೆ ಕೂತಿದ್ದರು. ಕಿರೀಟದ ದಾರ ಬಿಚ್ಚಲು ನೋಡುತ್ತಿದ್ದರು, ಗಂಟು ಸಿಗುತ್ತಿರಲಿಲ್ಲ. ಇವರು ಹೋಗಿ ಬಿಚ್ಚಿಕೊಟ್ಟರು. ತಟ್ಟೆಯಲ್ಲಿ ವೀಳ್ಯಗಳು ಸಾಲಾಗಿದ್ದವು.

"ಸಿದ್ದ, ಇವತ್ತು ನಿನ್ನ ಪೆಟ್ಟಿಗೆ ಒಂದು ಸಾಲು ಪೂರ್ತಿ ನನ್ನ ಬಿಟ್ಟು ಎಲ್ಲೋ ಹೋಗಿತ್ತಲ್ಲೋ" ಅಂದರು ಮಾಲೀಕರು. ಸಿಟ್ಟಿನಿಂದಲ್ಲ, ಬಲು ಮೆತ್ತಗೆ. ಆಮೇಲೆ ನನ್ನ ಕಡೆ ತಿರುಗಿದರು. "ತಾಯಿ, ನಿಂಗೆ ಹೇಳ್ತೀನಿ, ಮನಸ್ಸಿಗೆ ಹಚ್ಕೋಬೇಡ. ನಿನ್ನ ಗಂಡನಿಗೆ ಕಿವಿ ಮಂದ ಆಗ್ತಾ ಇದೆ. ಕೊಂಚ ಕಾಲದಿಂದ ನಾನು ನೋಡ್ತಾನೇ ಇದ್ದೀನಿ. ಹೊರಗಡೆ ಯಾರಿಗೂ ಗೊತ್ತಾಗೋದು ಬೇಡ, ಅನ್ನ ಹೋಗುತ್ತೆ. ಈ ವಯಸ್ಸಲ್ಲಿ ಇವನನ್ನ ಬೇರೆ ಯಾರು ತಗೋತಾರೆ? ನಾನಿದ್ದೀನಿ. ಇವನು ಎಲ್ಲಿ ತಪ್ಪಿದ್ರೂ ಜನಕ್ಕೆ ಗೊತ್ತಾಗದ ಹಾಗೆ ಹಾಡ್ಕೊಂಡು ಹೋಗ್ತೀನಿ. ಬದುಕಿರೋವರೆಗೂ ಇವನ ಕೈ ಬಿಡಲ್ಲ."

ಅವರ ಬಣ್ಣದ ಮೇಲೆ ಕಣ್ಣೀರು ಇಳಿದು ಗೆರೆ ಬಿದ್ದಿತ್ತು. ಎಲೆ ಅಡಿಕೆ ಎತ್ತಿ ಮುಂದೆ ಚಾಚಿದರು.

ನಾನು ಇವರನ್ನು ನೋಡಿದೆ. ಇವರು ನನ್ನನ್ನು ನೋಡಲಿಲ್ಲ. "ತಪ್ಪಾಯ್ತು ಮಾಲೀಕ್ರೆ. ಇನ್ಮೇಲೆ ಹಾಗಾಗಲ್ಲ" ಅಂದರು, ಎರಡೂ ಕೈ ಒಡ್ಡಿದರು.

ಆಣೆ, ಶಾಲೆ, ಬಸವನಗುಡಿ, ನಿಮ್ಮ ಕಂಠ ಸತ್ತು ಎಷ್ಟು ಕಾಲವಾಯಿತು ಗೊತ್ತೇನ್ರೀ ಅನ್ನುವ ಮಾತು, ಎಲ್ಲ ಒಟ್ಟಿಗೇ ನನ್ನ ನಾಲಿಗೆಯ ತುದಿಗೆ ನುಗ್ಗಿ ಬಂದವು. ಆ ಮುದುಕರು ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದರು.

"ದೊಡ್ಡ ಮನಸ್ಸು ನಿಮ್ದು, ಮಾಲೀಕ್ರೆ" ಅಂದೆ.